ಖಾಲಿ ಕೊಂಬೆಯ ಫೋಟೋ ಇನ್ನು ಸಾಕು: ಪುಟ್ಟ ಹಕ್ಕಿಗಳನ್ನು ಕ್ಯಾಮೆರಾದಲ್ಲಿ ಹಿಡಿಯುವ ಸಮಗ್ರ ಮಾರ್ಗದರ್ಶಿ

"ಅಣ್ಣ, ಇಲ್ಲೇ ಕೂತಿತ್ತು." ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿ ಕೆಳಗೆ ಹೀಗೆ ಬರೆಯುವವರು ವಾರಕ್ಕೆ ಒಬ್ಬರಾದರೂ ಸಿಗುತ್ತಾರೆ. ಫೋಟೋದಲ್ಲಿ ಒಂದು ಕೊಂಬೆ ಇರುತ್ತದೆ. ಅದೃಷ್ಟ ಚೆನ್ನಾಗಿದ್ದರೆ ಮೂಲೆಯಲ್ಲಿ ಅರ್ಧ ಬಾಲ. ಹೀಗೆ ಕಳಿಸುವವರಲ್ಲಿ ಕೆಲವರ ಕ್ಯಾಮೆರಾ ನನ್ನದಕ್ಕಿಂತ ಎಷ್ಟೋ ದುಬಾರಿಯದು.

ಕೆಡುತ್ತಿರುವುದು ಕೆಲಸದ ವರಸೆ. ಮೊದಲು ಹಕ್ಕಿ ಕಾಣುತ್ತದೆ, ಆಮೇಲೆ ಕ್ಯಾಮೆರಾ ಎತ್ತುತ್ತಾರೆ, ಆಮೇಲೆ ಸೆಟಿಂಗ್ ತಿರುಗಿಸುತ್ತಾರೆ, ಬಿಸಿಲು ಯಾವ ಕಡೆ ಅನ್ನುವುದು ಕೊನೆಗೆ ನೆನಪಾಗುತ್ತದೆ. ಹೂವಿನ ರಸ ಹೀರುವ ಪುಟ್ಟ ಸೂರಕ್ಕಿ ಒಂದು ಹೂವಿನ ಹತ್ತಿರ ಇರುವುದೇ ಎರಡು-ಮೂರು ಸೆಕೆಂಡ್. ಅಷ್ಟರಲ್ಲಿ ಇಷ್ಟೆಲ್ಲ ಆಗುವ ಮಾತಲ್ಲ. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಹಕ್ಕಿಯ ಫೋಟೋ ತೆಗೆಯುವುದು ಆರನೇ ಹಂತದಲ್ಲಿ. ಅದಕ್ಕೂ ಮುಂಚೆ ಹಕ್ಕಿ ಬಂದರೆ ಸುಮ್ನೆ ನೋಡಿ, ಕ್ಯಾಮೆರಾ ಮುಟ್ಟಬೇಡಿ.

ಹಂತ 1: ಸಾಮಾನು, ಮತ್ತು ಒಂದು ಸಣ್ಣ ಲೆಕ್ಕ

ಎಲ್ಲರ ಮೊದಲ ಪ್ರಶ್ನೆ ಲೆನ್ಸ್ ಬಗ್ಗೆಯೇ. 300 ಎಂಎಂ ಸಾಕಾ, 600 ಬೇಕಾ? ಲೆಕ್ಕ ಹಾಕಿ ನೋಡೋಣ. ನಮ್ಮಲ್ಲಿ ಹೆಚ್ಚಿನವರ ಹತ್ತಿರ ಇರುವುದು ಕ್ರಾಪ್ ಸೆನ್ಸರ್, ಅಂದರೆ ಸಣ್ಣ ಸೆನ್ಸರಿನ ಕ್ಯಾಮೆರಾ. ಅದಕ್ಕೆ 300 ಎಂಎಂ ಲೆನ್ಸ್ ಹಾಕಿ ಹತ್ತು ಮೀಟರ್ ದೂರದಿಂದ ನೋಡಿದರೆ ಚೌಕಟ್ಟಿನಲ್ಲಿ ಸುಮಾರು 78 ಸೆಂ.ಮೀ. ಅಗಲ ಕಾಣುತ್ತದೆ. ಸೂರಕ್ಕಿ 10 ಸೆಂ.ಮೀ. ಅಂದರೆ ಚೌಕಟ್ಟಿನ ಎಂಟನೇ ಒಂದು ಭಾಗ, ಅಷ್ಟೇ. 600 ಎಂಎಂ ಹಾಕಿದರೆ ಕಾಲು ಭಾಗ ತುಂಬುತ್ತದೆ. ಆದರೆ ಅದೇ 300 ಇಟ್ಟುಕೊಂಡು ಐದು ಮೀಟರ್‌ಗೆ ಬಂದು ಕೂತರೂ ಕಾಲು ಭಾಗವೇ. ಲಕ್ಷ ರೂಪಾಯಿಯ ಲೆನ್ಸ್ ಮಾಡುವ ಕೆಲಸವನ್ನು ಐದು ಮೀಟರ್ ಜಾಗ ಮಾಡಿಕೊಡುತ್ತದೆ. ಆ ಐದು ಮೀಟರ್ ಗಳಿಸುವುದು ಹೇಗೆ ಅನ್ನುವುದೇ ಮುಂದಿನ ಹಂತಗಳ ಮುಖ್ಯ ವಿಷಯ.

ಲೆನ್ಸಿನ ಪಕ್ಕ ಫೋಕಸ್ ಮಿತಿಯ ಒಂದು ಗುಂಡಿ ಇದ್ದರೆ ಈಗಲೇ ನೋಡಿಕೊಳ್ಳಿ. ಅದು 'ದೂರ ಮಾತ್ರ' ಅನ್ನುವ ಕಡೆ ಇದ್ದರೆ ಹತ್ತಿರದ ಹಕ್ಕಿಗೆ ಲೆನ್ಸ್ ಫೋಕಸ್ಸೇ ಆಗುವುದಿಲ್ಲ. ಲೆನ್ಸ್ ಕೆಟ್ಟಿದೆ ಅಂತ ರಿಪೇರಿಗೆ ಒಯ್ದವರನ್ನು ನೋಡಿದ್ದೇನೆ.

ಉಳಿದದ್ದು ಕಡಿಮೆ ಖರ್ಚಿನದು. ಕೂರಲು ಒಂದು ಪುಟ್ಟ ಸ್ಟೂಲ್. ಮಣ್ಣಿನ ಬಣ್ಣದ ಅಥವಾ ಮಾಸಲು ಹಸಿರು ಅಂಗಿ, ಬಿಳಿ ಬೇಡ. ಲೆನ್ಸ್ ಊರಿಕೊಳ್ಳಲು ಒಂದು ಚೀಲ. ನನ್ನ ಚೀಲ ಹಳೇ ಜೀನ್ಸ್ ಪ್ಯಾಂಟಿನ ಒಂದು ಕಾಲು. ಎರಡೂ ಬದಿ ಹೊಲಿದು ಒಳಗೆ ಮೆಕ್ಕೆಜೋಳ ತುಂಬಿದ್ದೇನೆ. ದಾವಣಗೆರೆಯಲ್ಲಿ ಅದಕ್ಕೇನು ಬರವೇ? ಮಳೆಗಾಲದಲ್ಲಿ ಮಾತ್ರ ನೆನೆಯದಂತೆ ನೋಡಿಕೊಳ್ಳಿ, ಮೊಳಕೆ ಬರುತ್ತದೆ. ನನ್ನದಕ್ಕೆ ಬಂದಿತ್ತು. ಟ್ರೈಪಾಡ್ ಈ ಕೆಲಸಕ್ಕೆ ನಿಧಾನ. ಒಂಟಿ ಕಾಲಿನ ಮೋನೋಪಾಡ್ ಇದ್ದರೆ ತನ್ನಿ, ಇಲ್ಲದಿದ್ದರೂ ನಡೆಯುತ್ತದೆ.

ಹಂತ 2: ಸೆಟಿಂಗ್ ಹಿಂದಿನ ರಾತ್ರಿಯೇ, ಮನೆಯಲ್ಲೇ

ನಾನು ಮದುವೆ ಫೋಟೋ ಕೂಡ ತೆಗೆಯುತ್ತೇನೆ. ಒಂದು ಸಲ ರಾತ್ರಿ ರಿಸೆಪ್ಷನ್ ಮುಗಿಸಿ, ಎರಡು ತಾಸು ನಿದ್ದೆ ಮಾಡಿ, ಅದೇ ಕ್ಯಾಮೆರಾ ಹಿಡಿದು ಬೆಳಿಗ್ಗೆ ದಾವಣಗೆರೆ ಹತ್ತಿರದ ಕೊಂಡಜ್ಜಿಗೆ ಹೋದೆ. ಮುತ್ತುಗ ಹೂ ಬಿಟ್ಟಿತ್ತು, ಸೂರಕ್ಕಿಗಳು ಮುತ್ತಿಕೊಂಡಿದ್ದವು. 240 ಫೋಟೋ ತೆಗೆದೆ. ಮನೆಗೆ ಬಂದು ನೋಡಿದರೆ ಎಲ್ಲದರಲ್ಲೂ ಶಟರ್ 1/160 ಸೆಕೆಂಡ್, ಹಕ್ಕಿಗೆ ತೀರಾ ನಿಧಾನವಾದ ಮದುವೆ ಮಂಟಪದ ಸೆಟಿಂಗ್. ಒಂದೂ ಉಳಿಯಲಿಲ್ಲ. ಅವತ್ತಿನಿಂದ ಹಕ್ಕಿಯ ಸೆಟಿಂಗನ್ನು ಕ್ಯಾಮೆರಾದ ನೆನಪಿನ ಗುಂಡಿಗೆ ಹಾಕಿಟ್ಟಿದ್ದೇನೆ. ಹಲವು ಕ್ಯಾಮೆರಾಗಳ ಡಯಲ್‌ನಲ್ಲಿ ಅದು ಸಿ1 ಅಥವಾ ಯು1 ಅಂತ ಇರುತ್ತದೆ.

ಅದರಲ್ಲಿ ಇರಬೇಕಾದದ್ದು ಇಷ್ಟು.

ಶಟರ್ ಸ್ಪೀಡ್, ಅಂದರೆ ಕ್ಯಾಮೆರಾ ಬೆಳಕನ್ನು ಒಳಗೆ ಬಿಡುವ ಸಮಯ, 1/2000 ಸೆಕೆಂಡ್. ಯಾಕೆ ಅಂತ ಕೇಳಿ. ಹಕ್ಕಿ ತಲೆ ತಿರುಗಿಸುವಾಗ ಕೊಕ್ಕು ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಹೋಯಿತು ಅಂದುಕೊಳ್ಳಿ. 1/500ರಲ್ಲಿ ಅದು 2 ಮಿ.ಮೀ. ಜರುಗುತ್ತದೆ. ಸೂರಕ್ಕಿಯ ಕಣ್ಣೇ ಅದಕ್ಕಿಂತ ತುಸು ದೊಡ್ಡದು, ಅಲ್ವಾ? 1/2000ರಲ್ಲಿ ಜರುಗುವುದು ಅರ್ಧ ಮಿ.ಮೀ. ಹೂವಿನ ಮುಂದೆ ರೆಕ್ಕೆ ಬಡಿಯುತ್ತ ಗಾಳಿಯಲ್ಲಿ ನಿಂತದ್ದು ಬೇಕಾದರೆ 1/4000ಕ್ಕೆ ಹೋಗಿ. ಮೋಡ ಕವಿದಿದ್ದು ಹಕ್ಕಿ ಸುಮ್ಮನೆ ಕೂತಿದ್ದರೆ 1/1000ಕ್ಕೆ ಇಳಿಯಬಹುದು.

ಮ್ಯಾನುಯಲ್ ಮೋಡ್ ಇಟ್ಟು, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಮಾತ್ರ ಆಟೋಗೆ ಬಿಡಿ. ಮೇಲಿನ ಮಿತಿ 6400. ಅಪರ್ಚರ್ (ಬೆಳಕು ಬರುವ ಲೆನ್ಸಿನ ಕಿಂಡಿ) ಪೂರ್ತಿ ತೆರೆದಿರಲಿ; ಎಫ್ 5.6 ಅಥವಾ 6.3, ನಿಮ್ಮ ಲೆನ್ಸಿಗೆ ಎಷ್ಟಾಗುತ್ತದೋ ಅಷ್ಟು. ಐಎಸ್‌ಒ ಜಾಸ್ತಿಯಾದರೆ ಫೋಟೋದಲ್ಲಿ ಕಾಳು ಕಾಣುತ್ತದೆ ಅಂತ ಹೆದರಿ ಶಟರ್ ಇಳಿಸುವುದು ನಾನು ಅತಿ ಹೆಚ್ಚು ನೋಡುವ ತಪ್ಪು. ಕಾಳನ್ನು ಸಾಫ್ಟ್‌ವೇರ್ ತೆಗೆಯುತ್ತದೆ. ಅಲ್ಲಾಡಿದ್ದನ್ನು ಯಾರೂ ತೆಗೆಯಲಾರರು.

ಫೋಕಸ್ ನಿರಂತರವಾಗಿ ಹಿಂಬಾಲಿಸುವ ಮೋಡ್‌ನಲ್ಲಿ ಇರಲಿ. ಕೆಲವು ಕಂಪನಿಗಳಲ್ಲಿ ಅದರ ಹೆಸರು ಎಎಫ್-ಸಿ, ಕ್ಯಾನನ್‌ನಲ್ಲಿ ಸರ್ವೋ. ಹಕ್ಕಿಯ ಕಣ್ಣು ಹುಡುಕುವ ಸೌಲಭ್ಯ ಇದ್ದರೆ ಹಾಕಿಕೊಳ್ಳಿ, ಆದರೆ ಪೊದೆಯೊಳಗೆ ಅದನ್ನು ಪೂರ್ತಿ ನಂಬಬೇಡಿ. ಜಾಲಿ ಮುಳ್ಳುಗಳ ನಡುವೆ ಅದು ಮುಳ್ಳಿಗೇ ಹೋಗಿ ಕೂರುತ್ತದೆ. ಅಲ್ಲಿ ಒಂದೇ ಸಣ್ಣ ಫೋಕಸ್ ಚುಕ್ಕಿ ವಾಸಿ.

ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಕೂತ ಹಕ್ಕಿಗೆ ಒಳ್ಳೆಯದು. ಹಾರುವ ಹಕ್ಕಿಗೆ ಹಾಕಿದರೆ ಹೆಚ್ಚಿನ ಕ್ಯಾಮೆರಾಗಳಲ್ಲಿ ರೆಕ್ಕೆ ಸೊಟ್ಟಗಾಗುತ್ತದೆ.

ಹಂತ 3: ಜಾಗ ಮತ್ತು ಹೊತ್ತು

ಮೊದಲ ತಿಂಗಳು ಕಾಡಿಗೆ ಹೋಗಬೇಡಿ. ನಿಮ್ಮ ಬಡಾವಣೆಯ ಪಾರ್ಕಿನಲ್ಲಿ ಗಸಗಸೆ ಹಣ್ಣಿನ ಮರ ಇದೆಯಾ ನೋಡಿ. ಅದರ ಹಣ್ಣಿಗೆ ಬದನಿಕೆ ಹಕ್ಕಿ ಬರುತ್ತದೆ. ನಮ್ಮ ಕಡೆಯ ಹಕ್ಕಿಗಳಲ್ಲೇ ಪುಟ್ಟದು, ಎಂಟು ಸೆಂ.ಮೀ. ಇದ್ದೀತು. ದಾವಣಗೆರೆಯ ಕುಂದುವಾಡ ಕೆರೆಯ ದಂಡೆಯೂ ಒಳ್ಳೆಯದು. ದಿನಾ ವಾಕಿಂಗ್ ಜನರನ್ನು ನೋಡಿ ನೋಡಿ ಅಲ್ಲಿನ ಹಕ್ಕಿಗಳು ಅಷ್ಟಾಗಿ ಬೆಚ್ಚುವುದಿಲ್ಲ. ಕೈ ಪಳಗಿದ ಮೇಲೆ ಕೊಂಡಜ್ಜಿ, ಚಿತ್ರದುರ್ಗದವರಾದರೆ ಚಂದ್ರವಳ್ಳಿ. ಜೋಗಿಮಟ್ಟಿ ಮತ್ತು ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ವನ್ಯಜೀವಿ ಧಾಮಗಳು. ಅಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಗೇಟು ದಾಟಬೇಡಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಧಾಮದೊಳಗೆ ಫೋಟೋ ತೆಗೆಯಲು ಹೋಗುವುದಕ್ಕೂ ಪರವಾನಗಿ ಹೇಳಿದೆ.

ಎಲ್ಲ ಹಕ್ಕಿಯೂ ಒಂದೇ ಕಷ್ಟವಲ್ಲ. ಕಪ್ಪು-ಬಿಳಿ ಚಟಕ ಬೇಲಿಗೂಟದ ಮೇಲೆ ಕೂತು, ನೆಲಕ್ಕಿಳಿದು ಹುಳ ಹಿಡಿದು, ಮತ್ತೆ ಅದೇ ಗೂಟಕ್ಕೋ ಪಕ್ಕದ ಗೂಟಕ್ಕೋ ಬರುತ್ತದೆ. ಅದರಿಂದ ಶುರು ಮಾಡಿ. ಆಮೇಲೆ ಸೂರಕ್ಕಿ. ಮಳೆಗಾಲದಲ್ಲಿ ಹೊಲದ ಬದುವಿನ ಗಿಡದ ತುದಿಗೆ ಬಂದು ಕೂಗುವ ಉಲಿಯಕ್ಕಿ. ಸಿಂಪಿಗ ಪೊದೆಯ ಬುಡದಲ್ಲೇ ಇರುತ್ತದೆ, ತಾಳ್ಮೆ ಬೇಕು. ಎಲೆಯ ನಡುವೆ ಎಲೆಯ ಬಣ್ಣದಲ್ಲೇ ಓಡಾಡುವ ಮಧುರಕಂಠವನ್ನು ಕೊನೆಗೆ ಇಟ್ಟುಕೊಳ್ಳಿ.

ಹೊತ್ತಿನ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಸೂರ್ಯ ಹುಟ್ಟುವಾಗ ಜಾಗದಲ್ಲಿ ಇರಬೇಕು. ಜನವರಿಯಲ್ಲಿ ಅದು ಹತ್ತಿರಹತ್ತಿರ ಏಳು ಗಂಟೆ, ಜೂನ್‌ನಲ್ಲಿ ಆರು. 'ದೋಸೆ ತಿಂದು ಹೋಗೋಣ' ಅಂದರೆ ತಲುಪುವುದು ಎಂಟೂವರೆಗೆ. ಒಂಬತ್ತರ ಮೇಲೆ, ಅದರಲ್ಲೂ ಮಾರ್ಚ್ ನಂತರ, ದುರ್ಗದ ಬಂಡೆಗಳು ಕಾದು ಬಿಸಿಗಾಳಿ ನಡುಗಲು ಶುರುವಾಗುತ್ತದೆ. ಹದಿನೈದು ಮೀಟರ್ ದೂರದ ಹಕ್ಕಿಯನ್ನು ಅದರ ಮೂಲಕ ತೆಗೆದರೆ ನೀರಿನೊಳಗಿನ ಕಲ್ಲಿನ ಹಾಗೆ ಕಾಣುತ್ತದೆ. ಯಾವ ಲೆನ್ಸಿಗೂ ಇದಕ್ಕೆ ಮದ್ದಿಲ್ಲ. ದೋಸೆ ವಾಪಸ್ ಬಂದ ಮೇಲೆ.

ಜೂನ್‌ನಿಂದ ಆಗಸ್ಟ್‌ವರೆಗೆ ಚಿತ್ರದುರ್ಗದಲ್ಲಿ ಇನ್ನೊಂದು ತೊಂದರೆ, ಗಾಳಿ. ಗುಡ್ಡದ ಮೇಲಿನ ಗಾಳಿ ಫ್ಯಾನುಗಳು ಜೋರಾಗಿ ತಿರುಗುತ್ತಿದ್ದರೆ ಗುಡ್ಡ ಹತ್ತುವ ಶ್ರಮ ಬೇಡ. ಕೊಂಬೆ ಒಂದು ಅಡಿ ತೂಗುತ್ತಿರುತ್ತದೆ, ಫೋಕಸ್ ನಿಲ್ಲುವುದಿಲ್ಲ. ಗಾಳಿ ಮರೆಯಾದ ತಗ್ಗು ಹುಡುಕಿ. ಹಕ್ಕಿಗಳೂ ಅಲ್ಲೇ ಇರುತ್ತವೆ.

ಹಂತ 4: ಹದಿನೈದು ನಿಮಿಷ ಬರೀ ನೋಡುವುದು

ಎಲ್ಲರೂ ಹಾರಿಸಿಬಿಡುವ ಹಂತ ಇದು. ಇಡೀ ಕೆಲಸ ನಿಂತಿರುವುದೂ ಇದರ ಮೇಲೆಯೇ. ಕ್ಯಾಮೆರಾ ಚೀಲದಲ್ಲೇ ಇರಲಿ.

ಆ 240 ಫೋಟೋ ಕಳೆದುಕೊಂಡ ಮುಂದಿನ ವಾರ ಮತ್ತೆ ಅದೇ ಮುತ್ತುಗದ ಮರಕ್ಕೆ ಹೋದೆ. ಈ ಸಲ ಸುಮ್ನೆ ಕೂತು ನೋಡಿದೆ. ಗಂಡು ಸೂರಕ್ಕಿ ನೇರವಾಗಿ ಹೂವಿಗೆ ಬರುತ್ತಿರಲಿಲ್ಲ. ಮೊದಲು ಗೊಂಚಲಿನಿಂದ ಒಂದು ಮೊಳ ಈಚೆ ಇದ್ದ ಎಲೆಯಿಲ್ಲದ ಕಡ್ಡಿಯ ಮೇಲೆ ಕೂರುತ್ತಿತ್ತು. ಎಡಕ್ಕೊಮ್ಮೆ, ಬಲಕ್ಕೊಮ್ಮೆ ನೋಡುತ್ತಿತ್ತು. ಕೊಕ್ಕನ್ನು ಕಡ್ಡಿಗೆ ಎರಡು ಸಲ ಒರೆಸಿಕೊಳ್ಳುತ್ತಿತ್ತು. ಚುರುಕಾಗಿ ಒಂದು ಕೂಗು. ಆಮೇಲೆ ಹೂವು. ಹೂವಿನೊಳಗೆ ತಲೆ ಹಾಕಿದ ಮೇಲೆ ಕಾಣುವುದು ಬೆನ್ನು ಮಾತ್ರ. ಹನ್ನೊಂದು ನಿಮಿಷದಲ್ಲಿ ನಾಲ್ಕು ಸಲ ಬಂತು, ಮೂರು ಸಲ ಅದೇ ಕಡ್ಡಿ. ಹಿಂದಿನ ವಾರ ನಾನು ಇಡೀ ಬೆಳಿಗ್ಗೆ ಲೆನ್ಸನ್ನು ಹೂವಿನ ಮೇಲೇ ಇಟ್ಟಿದ್ದೆ.

ನೀವು ಹುಡುಕಬೇಕಾದದ್ದು ಆ ಕಡ್ಡಿಯನ್ನು. ಚಟಕಕ್ಕೆ ಅದು ಗೂಟ, ಉಲಿಯಕ್ಕಿಗೆ ಕೂಗಲು ಹತ್ತುವ ಗಿಡದ ತುದಿ, ಬೀಸಣಿಗೆಯಂತೆ ಬಾಲ ಬಿಚ್ಚುವ ನೊಣಹಿಡುಕಕ್ಕೆ ಜಾಲಿಯ ಕೆಳಗಿನ ಒಣ ಟೊಂಗೆ. ಮೂರು ಸಲ ಬಂದ ಕಡೆಗೆ ನಾಲ್ಕನೇ ಸಲವೂ ಬರುವ ಸಾಧ್ಯತೆ ಜಾಸ್ತಿ. ಹದಿನೈದು ನಿಮಿಷದಲ್ಲಿ ಹಾಗೆ ಒಂದು ಕಡೆಯೂ ಸಿಗದಿದ್ದರೆ ಮರ ಬದಲಿಸಿ.

ಕಿವಿಯನ್ನೂ ಬಳಸಿ. ಬೂದು ಉಲಿಯಕ್ಕಿ ಹಾರುವಾಗ ಚಿಟಿಕೆ ಹೊಡೆದ ಹಾಗೆ ಚಟಚಟ ಸದ್ದು ಬರುತ್ತದೆ. ಅದು ಕೇಳಿದರೆ ಹಕ್ಕಿ ಈಗ ಜಾಗ ಬದಲಿಸಿತು ಅಂತ ಲೆಕ್ಕ.

ಹಂತ 5: ಕೂರುವ ಜಾಗ

ಕಡ್ಡಿ ಗೊತ್ತಾಯಿತು. ಈಗ ನೀವೆಲ್ಲಿ ಕೂರಬೇಕು?

ಮೊದಲು ಬಿಸಿಲು. ನಿಮ್ಮ ನೆರಳು ಕಡ್ಡಿಯ ಕಡೆಗೆ ಚಾಚಿರಬೇಕು, ಅಷ್ಟು ನೆನಪಿಟ್ಟರೆ ಸಾಕು. ಸೂರಕ್ಕಿಗೆ ಇದು ಇನ್ನೂ ಮುಖ್ಯ. ಅದರ ನೇರಳೆ-ನೀಲಿ ಹೊಳಪು ಗರಿಯ ರಚನೆಯಿಂದ ಬರುವುದು, ಬರೀ ಬಣ್ಣದಿಂದಲ್ಲ. ಬೆಳಕು ನಿಮ್ಮ ಬೆನ್ನ ಹಿಂದಿನಿಂದ ಬಿದ್ದರೆ ಮಿರಿಮಿರಿ ಮಿಂಚುತ್ತದೆ. ಎದುರು ಬೆಳಕಾದರೆ ಅದೇ ಹಕ್ಕಿ ಇದ್ದಿಲ ತುಂಡು.

ಆಮೇಲೆ ಹಿನ್ನೆಲೆ. ಕಡ್ಡಿಯ ಹಿಂದಿನ ಪೊದೆ, ನೀವು ಕೂತ ದೂರಕ್ಕಿಂತ ಎರಡು-ಮೂರು ಪಟ್ಟು ಆಚೆ ಇದ್ದರೆ ಅದು ಮೃದುವಾಗಿ ಕರಗುತ್ತದೆ. ಒಂದೇ ಅಡಿ ಪಕ್ಕಕ್ಕೆ ಸರಿದರೂ ಹಿನ್ನೆಲೆ ಪೂರ್ತಿ ಬದಲಾಗಬಹುದು. ಸರಿದು ನೋಡಿ. ಆಕಾಶ ಹಿನ್ನೆಲೆಯಾಗುವ ಹಾಗೆ ಮರದ ಕೆಳಗೆ ನಿಂತು ಮೇಲಕ್ಕೆ ತೆಗೆಯಬೇಡಿ, ಹೊಟ್ಟೆ ಮಾತ್ರ ಬರುತ್ತದೆ. ದುರ್ಗದವರಿಗೆ ಇಲ್ಲಿ ಒಂದು ಅನುಕೂಲ ಇದೆ. ಗುಡ್ಡದ ಇಳಿಜಾರಿನಲ್ಲಿ ಸ್ವಲ್ಪ ಮೇಲೆ ಕೂತರೆ ಕೆಳಗಿನ ಮರದ ನೆತ್ತಿ ನಿಮ್ಮ ಕಣ್ಣಿನ ಮಟ್ಟಕ್ಕೇ ಸಿಗುತ್ತದೆ.

ಗಾಳಿಯೂ ಬೆನ್ನ ಹಿಂದಿನಿಂದ ಬಂದರೆ ಒಳ್ಳೆಯದು. ಹಕ್ಕಿಗಳು ಸಾಮಾನ್ಯವಾಗಿ ಗಾಳಿಗೆ ಮುಖ ಮಾಡಿ ಕೂರುತ್ತವೆ, ಗಾಳಿಗೆದುರಾಗಿಯೇ ಹಾರಲು ಏಳುತ್ತವೆ. ಮಳೆಗಾಲದ ಬೆಳಿಗ್ಗೆ ಮಾತ್ರ ಇದು ಕೈಕೊಡುತ್ತದೆ. ಸೂರ್ಯ ಪೂರ್ವಕ್ಕೆ, ಗಾಳಿ ಪಶ್ಚಿಮದಿಂದ. ಆಗ ಬಿಸಿಲನ್ನೇ ಆರಿಸಿಕೊಳ್ಳಿ, ಪಕ್ಕದಿಂದ ಕಾಣುವ ಹಕ್ಕಿಗೆ ತೃಪ್ತಿಪಡಿ. ಸಂಜೆ ಹೋದರೆ ಎರಡೂ ಒಂದೇ ಕಡೆ.

ಹಕ್ಕಿ ಬೇರೆ ಕಡೆ ಹೋದಾಗ ಮಾತ್ರ ಹತ್ತಿರ ಸರಿಯಿರಿ. ನೇರವಾಗಿ ನಡೆಯಬೇಡಿ, ಓರೆಯಾಗಿ ಐದು ಹೆಜ್ಜೆ ಇಟ್ಟು ನಿಲ್ಲಿ. ಐದಾರು ಮೀಟರ್‌ಗೆ ಬಂದಾಗ ಕೂತುಬಿಡಿ. ಮೊದಲ ಹತ್ತು ನಿಮಿಷ ಹಕ್ಕಿ ಬರುವುದಿಲ್ಲ. ಅಲ್ಲಿಗೆ ಸೋತು ಏಳುವವರೇ ಹೆಚ್ಚು. ನಿಮ್ಮನ್ನು ಕಲ್ಲು ಅಂದುಕೊಳ್ಳಲು ಅದಕ್ಕೂ ಸಮಯ ಬೇಕು.

ಕಾಯುವಾಗ ಖಾಲಿ ಕಡ್ಡಿಗೆ ಫೋಕಸ್ ಮಾಡಿ ಒಂದು ಫೋಟೋ ತೆಗೆದು ನೋಡಿ. ಈ ಖಾಲಿ ಕೊಂಬೆಯ ಫೋಟೋ ಮಾತ್ರ ಸರಿಯಾದದ್ದು! ಹಿಂದೆ ಬೆಳ್ಳಗಿನ ಆಕಾಶ ತಪ್ಪಿಸಲು ಆಗದಿದ್ದರೆ ಎಕ್ಸ್‌ಪೋಷರನ್ನು (ಫೋಟೋದ ಬೆಳಕಿನ ಮಟ್ಟ) +1ರವರೆಗೆ ಏರಿಸಿ. ಕತ್ತಲ ಪೊದೆಯ ಮುಂದೆ ಬಿಸಿಲು ಬಿದ್ದ ಹಕ್ಕಿಯಾದರೆ -0.7ಕ್ಕೆ ಇಳಿಸಿ. ಅಡ್ಡ ಬರುವ ಕೊಂಬೆ ಮುರಿಯಬೇಡಿ, ನೀವು ಸರಿಯಿರಿ.

ಹಂತ 6: ಈಗ ಹಕ್ಕಿ

ಕ್ಯಾಮೆರಾ ಆಗಲೇ ಕಣ್ಣಿಗೆ ಹತ್ತಿರ, ಕಡ್ಡಿಯ ಕಡೆಗೆ ಇರಬೇಕು. ಮೊಣಕೈ ಪಕ್ಕೆಗೆ ಒತ್ತಿರಲಿ ಅಥವಾ ಮೆಕ್ಕೆಜೋಳದ ಚೀಲದ ಮೇಲಿರಲಿ. ಎರಡೂ ಕಣ್ಣು ತೆರೆದಿರಲಿ. ಒಂದು ಲೆನ್ಸಿನಲ್ಲಿ, ಇನ್ನೊಂದು ಹೊರಗೆ. ಇದು ಅಭ್ಯಾಸಕ್ಕೆ ಒಂದು ವಾರ ತೆಗೆದುಕೊಳ್ಳುತ್ತದೆ. ಮನೆ ಮುಂದಿನ ಗುಬ್ಬಿಯ ಮೇಲೆ ಮಾಡಿ.

ಫೋಕಸ್ ಚುಕ್ಕಿ ಕಣ್ಣಿನ ಮೇಲೆ. 600 ಎಂಎಂ, ಎಫ್ 6.3, ಆರು ಮೀಟರ್ ದೂರ ಅಂದರೆ ಸ್ಪಷ್ಟವಾಗಿ ಬರುವ ಆಳ ಸುಮಾರು ಎರಡೂವರೆ ಸೆಂ.ಮೀ. ಮಾತ್ರ. ರೆಕ್ಕೆಗೆ ಫೋಕಸ್ ಬಿದ್ದರೆ ಕಣ್ಣು ಮಸುಕು, ಫೋಟೋ ಹೋದಂತೆ.

ಗುಂಡಿ ಒತ್ತಿ ಹಿಡಿಯಬೇಡಿ. ನಾಲ್ಕೈದು ಫೋಟೋಗಳ ಸಣ್ಣ ಸಣ್ಣ ಕಂತು ಸಾಕು. ಒತ್ತಿ ಹಿಡಿದರೆ ಕ್ಯಾಮೆರಾದ ಬಫರ್ (ಫೋಟೋಗಳನ್ನು ತಾತ್ಕಾಲಿಕವಾಗಿ ಕೂಡಿಡುವ ಜಾಗ) ತುಂಬಿ, ಹಕ್ಕಿ ಬಾಲ ಬಿಚ್ಚುವ ಹೊತ್ತಿಗೆ ಕ್ಯಾಮೆರಾ ನಿಂತಿರುತ್ತದೆ. ತಲೆ ನಿಮ್ಮ ಕಡೆ ತಿರುಗಿ ಕಣ್ಣಿನಲ್ಲಿ ಬೆಳಕಿನ ಚುಕ್ಕೆ ಕಂಡ ಕ್ಷಣ ಒಂದು ಕಂತು, ಕೂಗಲು ಕೊಕ್ಕು ತೆರೆದಾಗ ಒಂದು. ಹಕ್ಕಿ ಮೈ ತಗ್ಗಿಸಿ ಮುಂದಕ್ಕೆ ಬಾಗಿದರೆ, ಅಥವಾ ಹಿಕ್ಕೆ ಹಾಕಿದರೆ, ಬಹಳ ಸಲ ಹಾರಲು ಹೊರಟಿದೆ ಅಂತ ಅರ್ಥ. ಹಾರುವ ಫೋಟೋ ಬೇಕಾದರೆ ಆಗ ಒತ್ತಿ.

ಚೌಕಟ್ಟಿನಲ್ಲಿ ಹಕ್ಕಿಯೇ ಸಿಗುತ್ತಿಲ್ಲವಾ? ಜೂಮ್ ಹಿಂದಕ್ಕೆ ಎಳೆದು 200ರ ಹತ್ತಿರ ಹುಡುಕಿ, ಸಿಕ್ಕ ಮೇಲೆ ಮುಂದಕ್ಕೆ ಹೋಗಿ. ಪ್ರತಿ ಕಂತಿಗೂ ತಲೆ ತಗ್ಗಿಸಿ ಹಿಂದಿನ ಪರದೆ ನೋಡಬೇಡಿ. ಒಳ್ಳೆಯ ಭಂಗಿ ಬರುವುದು ಸರಿಯಾಗಿ ಆಗಲೇ, ಇದು ಅದ್ಯಾವ ಶಾಪವೋ ಗೊತ್ತಿಲ್ಲ.

ಹಂತ 7: ಎದ್ದು ಬರಬೇಕಾದ ಸೂಚನೆಗಳು

ಹಕ್ಕಿ ಕೊಕ್ಕಿನಲ್ಲಿ ಹುಳ ಕಚ್ಚಿಕೊಂಡು, ತಿನ್ನದೆ, ಕೊಂಬೆಯಿಂದ ಕೊಂಬೆಗೆ ಜಿಗಿಯುತ್ತಿದೆಯಾ? ಗೂಡು ನಿಮ್ಮ ಹತ್ತಿರ ಇದೆ, ಮರಿಗಳು ಕಾಯುತ್ತಿವೆ. ಒಂದೇ ಸಮನೆ ಗದರುವ ದನಿ, ಬಾಲ ಪಟಪಟ ಆಡಿಸುವುದು, ನಿಮ್ಮ ಸುತ್ತ ಸುತ್ತುವುದು ಕೂಡ ಅದೇ ಮಾತು. 'ಎಂಥಾ ಫೋಟೋ' ಅಂತ ಕೂರಬೇಡಿ. ತಕ್ಷಣ ಮೂವತ್ತು ಹೆಜ್ಜೆ ಹಿಂದೆ ಬನ್ನಿ. ಗೂಡು ಕಾಣಲಿ ಅಂತ ಎಲೆ ಸರಿಸಿದರೆ, ಆ ದಾರಿಯಲ್ಲಿ ಕಾಗೆಯೂ ನೋಡುತ್ತದೆ.

ಮೊಬೈಲ್‌ನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದನ್ನು ಬಿಡಿ. ತನ್ನ ಜಾಗಕ್ಕೆ ಬೇರೆ ಗಂಡು ಬಂತು ಅಂತ ಅದು ಜಗಳಕ್ಕೆ ಬರುತ್ತದೆ, ಊಟ ಬಿಟ್ಟು.

ನಿಮ್ಮ ಸುರಕ್ಷತೆಯೂ ಇದೆ. ಕೊಂಡಜ್ಜಿಯಾಗಲಿ ದುರ್ಗದ ಗುಡ್ಡಗಳಾಗಲಿ, ಬಂಡೆಯ ಸಂದಿಗೆ ಕೈ ಇಡುವ ಮುಂಚೆ, ಕೂರುವ ಮುಂಚೆ, ಕೋಲಿನಿಂದ ತಟ್ಟಿ ನೋಡಿ. ಕೊಳಕುಮಂಡಲ ಮತ್ತು ಗರಗಸ ಮಂಡಲ ಎಂಬ ವಿಷದ ಹಾವುಗಳು ಎರಡೂ ಇಂಥ ಒಣ ಕಲ್ಲುಗಾಡಿನಲ್ಲಿ ಇರುತ್ತವೆ. ಈ ಭಾಗದ ಬಂಡೆಗುಡ್ಡಗಳಲ್ಲಿ ಕರಡಿ, ಚಿರತೆ ಇವೆ. ಪೂರ್ತಿ ಬೆಳಕಾಗುವ ಮೊದಲು ಒಬ್ಬರೇ ಹೋಗಬೇಡಿ. ಹೊಲಕ್ಕೆ ಇಳಿಯುವ ಮುಂಚೆ ಮಾಲೀಕರನ್ನು ಕೇಳಿ. ನಾನು ಕೇಳಿದಾಗಲೆಲ್ಲ 'ಹಕ್ಕಿ ಫೋಟೋನಾ? ಮೊದ್ಲು ನಮ್ ಜೋಳ ತಿನ್ನೋ ಗಿಳಿ ಫೋಟೋ ತೆಗೀರಿ' ಅಂದವರೇ ಜಾಸ್ತಿ. ಬೇಡ ಅಂದವರು ಕಡಿಮೆ.

ಹಂತ 8: ಯಾಕೆ ಮಸುಕಾಯಿತು?

ಮನೆಗೆ ಬಂದು ಫೋಟೋಗಳನ್ನು ಕಂಪ್ಯೂಟರಿನಲ್ಲಿ ಪೂರ್ತಿ ದೊಡ್ಡದು ಮಾಡಿ ನೋಡಿ. ಅಳಿಸುವ ಮುಂಚೆ ಕೆಟ್ಟವುಗಳನ್ನೇ ಮೊದಲು ಓದಿ. ಮಸುಕಿನಲ್ಲಿ ನಾಲ್ಕು ಜಾತಿ ಇದೆ, ಒಂದೊಂದಕ್ಕೂ ಔಷಧ ಬೇರೆ.

ಕೊಂಬೆ, ಎಲೆ, ಹಕ್ಕಿ ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಅಲ್ಲಾಡಿದ್ದು ನಿಮ್ಮ ಕೈ. ಆಧಾರ ಸರಿ ಮಾಡಿಕೊಳ್ಳಿ. ಹಕ್ಕಿಯ ಕಾಲು, ಅದು ಹಿಡಿದ ಕಡ್ಡಿ ಸ್ಪಷ್ಟವಾಗಿದ್ದು ತಲೆ ಮಾತ್ರ ಎಳೆದಂತಿದ್ದರೆ ಅಲ್ಲಾಡಿದ್ದು ಹಕ್ಕಿ. ಶಟರ್ ಇನ್ನೂ ಏರಿಸಿ. ಹಕ್ಕಿ ಮಸುಕಾಗಿ, ಅದರ ಹಿಂದಿನ ಎಲೆಯೋ ಮುಂದಿನ ಮುಳ್ಳೋ ಚೂಪಾಗಿದ್ದರೆ ಫೋಕಸ್ ತಪ್ಪಿದೆ. ಚುಕ್ಕಿ ಸಣ್ಣದು ಮಾಡಿ. ಎಲ್ಲಿಯೂ ಏನೂ ಚೂಪಾಗಿಲ್ಲ, ಅಂಚುಗಳು ಅಲೆಯಂತಿವೆ, ಅದೇ ಕಂತಿನ ಫೋಟೋಗಳು ಒಂದೊಂದು ಒಂದೊಂದು ಥರ ಮಸುಕಾಗಿವೆ ಅಂದರೆ ಬಿಸಿಗಾಳಿ. ಫೋಟೋ ತೆಗೆದ ಸಮಯ ನೋಡಿ, ಹೆಚ್ಚಿನ ಸಲ ಒಂಬತ್ತು ದಾಟಿರುತ್ತದೆ.

ಯಾವ ಜಾತಿ ಎಷ್ಟು ಅಂತ ಒಂದು ಚೀಟಿಯಲ್ಲಿ ಬರೆದಿಡಿ. ಮೂರು ಭಾನುವಾರದ ಚೀಟಿ ಪಕ್ಕಪಕ್ಕ ಇಟ್ಟರೆ ನಿಮ್ಮ ರೋಗ ಯಾವುದು ಅಂತ ಕಾಣುತ್ತದೆ. ನನ್ನದು ಎರಡನೆಯದು, ಬೆಳಕು ಚೆನ್ನಾಗಿದೆ ಅನಿಸಿದರೆ ಈಗಲೂ ಕೈ ತಾನಾಗಿಯೇ ಶಟರ್ ಇಳಿಸುತ್ತದೆ.

ಆಮೇಲೆ ಅಳಿಸಿ. ಒಂದು ಬೆಳಿಗ್ಗೆಗೆ ಮೂರು ಉಳಿದರೆ ನನ್ನ ಲೆಕ್ಕದಲ್ಲಿ ಒಳ್ಳೆಯ ದಿನ. ಬ್ಯಾಟರಿ ಚಾರ್ಜಿಗೆ ಹಾಕಿ, ಲೆನ್ಸಿನ ಕೆಂಪು ಧೂಳನ್ನು ಬಟ್ಟೆಯಿಂದ ಉಜ್ಜದೆ ಬ್ಲೋವರ್‌ನಿಂದ ಊದಿ ತೆಗೆಯಿರಿ, ಡಯಲ್ ಸಿ1ಗೆ ತಿರುಗಿಸಿಟ್ಟು ಮಲಗಿ. ನಡುವೆ ಮದುವೆ ಇದ್ದರೆ, ಮದುವೆ ಮುಗಿದ ಮೇಲೆ ಇನ್ನೊಂದು ಸಲ ನೋಡಿ.